ಷೇರು ವ್ಯಾಪಾರದ ‘ಮಾರ್ಗದರ್ಶಕ’ರಿಗೆ ತೆರುವ ಶುಲ್ಕ: ಯೋಗ್ಯತೆಯನ್ನು ಅಳೆಯುವ ಬಗೆ

ಹೊರನಾಡಿನಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಉಳಿತಾಯವೆಂದರೆ ಬಹುಕಾಲ ಬ್ಯಾಂಕಿನ ನಿಶ್ಚಿತ ಠೇವಣಿ, ಜೀವವಿಮೆ, ಚಿನ್ನ, ಊರಿನಲ್ಲೊಂದು ತುಂಡು ಭೂಮಿ ಇಷ್ಟೇ ಆಗಿತ್ತು. ಇಂದು ಅನೇಕ ಮನೆಗಳಲ್ಲಿ ಡಿಮ್ಯಾಟ್ ಖಾತೆಯೂ ಇದೆ. ಆ ಖಾತೆಯ ಬೆನ್ನಿಗೇ ಷೇರು ವ್ಯಾಪಾರವನ್ನು ಕಲಿಸಿಕೊಡುವುದಾಗಿ ಹೇಳುವ ‘ಮೆಂಟರ್’ ಅಥವಾ ಮಾರ್ಗದರ್ಶಕರೂ ಮನೆಯ ಬಾಗಿಲಿಗೆ ಬಂದಿದ್ದಾರೆ. ಮೊದಲು ಒಂದು ಉಚಿತ ಕಾರ್ಯಾಗಾರ, ಆನಂತರ ಕೆಲವು ಸಾವಿರ ರೂಪಾಯಿಗಳ ಪ್ರಾಥಮಿಕ ಶಿಬಿರ, ಕೊನೆಗೆ ಲಕ್ಷದ ಲೆಕ್ಕದಲ್ಲಿ ‘ವೈಯಕ್ತಿಕ ಮಾರ್ಗದರ್ಶನ’. ಈ ಮೆಟ್ಟಿಲುಗಳನ್ನು ಓದುಗರಲ್ಲಿ ಹಲವರು ಬಲ್ಲರು.

ಈ ಶುಲ್ಕ ಸಾಮಾನ್ಯವಾಗಿ ಹೊರಡುವುದು ನಿವೃತ್ತಿಯ ಕಾಲದಲ್ಲಿ ಕೈಸೇರಿದ ಗ್ರಾಚ್ಯುಯಿಟಿಯಿಂದ, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕೂಡಿಟ್ಟ ಹಣದಿಂದ, ಇಲ್ಲವೇ ಹೊಸದಾಗಿ ಉದ್ಯೋಗಕ್ಕೆ ಸೇರಿದ ಯುವಕರ ಮೊದಲ ಉಳಿತಾಯದಿಂದ. ಶುಲ್ಕ ವ್ಯರ್ಥವಾದರೆ ಅದೊಂದು ನಷ್ಟ. ಆ ಶುಲ್ಕ ಕೊಟ್ಟ ಧೈರ್ಯದಿಂದ ಮಾಡಿದ ವ್ಯಾಪಾರದಲ್ಲಿ ಬಂಡವಾಳವೂ ಕರಗಿದರೆ ಅದು ಅದಕ್ಕಿಂತ ದೊಡ್ಡ ನಷ್ಟ. ಆದ್ದರಿಂದ ಶುಲ್ಕ ತೆರುವ ಮುನ್ನ ಅದರ ಯೋಗ್ಯತೆಯನ್ನು ಅಳೆಯುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಿದ್ದೇವೆ. ಇದು ಷೇರುಗಳನ್ನು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವ ಹೂಡಿಕೆಯ ಕುರಿತ ಲೇಖನವಲ್ಲ. ಅದೇ ದಿನ ಕೊಂಡು ಮಾರುವ ಇಂಟ್ರಾಡೇ ಹಾಗೂ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರವನ್ನು ಕಲಿಸುವವರ ಕುರಿತದ್ದು.

1. ಕಾನೂನಿನ ಕಣ್ಣಿನಲ್ಲಿ ಮಾರ್ಗದರ್ಶಕ ಯಾರು?

‘ಮಾರ್ಗದರ್ಶಕ’ ಎಂಬ ವರ್ಗ ಭಾರತದ ಷೇರು ಮಾರುಕಟ್ಟೆಯ ಕಾನೂನಿನಲ್ಲಿಲ್ಲ. ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮಗಳಲ್ಲಿ, ಶುಲ್ಕ ಪಡೆದು ಸಲಹೆ ನೀಡಬಲ್ಲ ಎರಡು ಮುಖ್ಯ ವರ್ಗಗಳಿವೆ. 2013ರ ನಿಯಮಾವಳಿಗೆ ಒಳಪಟ್ಟ ಹೂಡಿಕೆ ಸಲಹೆಗಾರರು ಗ್ರಾಹಕರ ಆದಾಯ, ವಯಸ್ಸು, ಜವಾಬ್ದಾರಿಗಳನ್ನು ಅರಿತು ಅವರಿಗೆ ಹೊಂದುವ ಸಲಹೆ ನೀಡಬೇಕಾದವರು. 2014ರ ನಿಯಮಾವಳಿಗೆ ಒಳಪಟ್ಟ ಸಂಶೋಧನಾ ವಿಶ್ಲೇಷಕರು ಇಂಥ ಷೇರನ್ನು ಕೊಳ್ಳಿ, ಇಂಥದನ್ನು ಮಾರಿ ಎಂಬ ಶಿಫಾರಸು ನೀಡಬಲ್ಲವರು. ಮೊದಲನೆಯವರ ನೋಂದಣಿ ಸಂಖ್ಯೆ ‘ಐಎನ್‌ಎ’ ಎಂಬ ಅಕ್ಷರಗಳಿಂದಲೂ ಎರಡನೆಯವರದು ‘ಐಎನ್‌ಎಚ್’ ಎಂಬ ಅಕ್ಷರಗಳಿಂದಲೂ ಆರಂಭವಾಗುತ್ತದೆ. ಸೆಬಿಯ ಜಾಲತಾಣದಲ್ಲಿ ಈ ಸಂಖ್ಯೆಗಳನ್ನು ಯಾರು ಬೇಕಾದರೂ ಪರಿಶೀಲಿಸಬಹುದು.

ಈ ಎರಡೂ ವರ್ಗದವರು ವೈಯಕ್ತಿಕ ಗ್ರಾಹಕರಿಂದ ಪಡೆಯುವ ಶುಲ್ಕಕ್ಕೆ ಮಿತಿಯಿದೆ. 2025ರ ಜನವರಿಯ ಮಾರ್ಗಸೂಚಿಯು ನಿಗದಿತ ಶುಲ್ಕದ ಪದ್ಧತಿಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 1,51,000 ರೂಪಾಯಿಗಳ ಗರಿಷ್ಠ ಮಿತಿಯನ್ನು ಗೊತ್ತುಪಡಿಸಿತು. ಇಂತಿಷ್ಟು ಲಾಭ ಖಚಿತ ಎಂದು ಅವರು ಭರವಸೆ ನೀಡುವಂತಿಲ್ಲ.

ಕೇವಲ ಪಾಠ ಹೇಳುವವರಿಗೆ ಸೆಬಿಯ ನೋಂದಣಿ ಅಗತ್ಯವಿಲ್ಲ. ಆದ್ದರಿಂದ ಅವರ ಶುಲ್ಕಕ್ಕೆ ಮೇಲಿನ ಮಿತಿಯೂ ಅನ್ವಯಿಸದು. ಬಹುತೇಕ ತೊಡಕುಗಳು ಹುಟ್ಟುವುದು ಇಲ್ಲಿಯೇ. ರಶೀದಿಯಲ್ಲಿ ‘ಶಿಕ್ಷಣ’ವೆಂದು ಬರೆದು, ಟೆಲಿಗ್ರಾಂ ಅಥವಾ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿತ್ಯವೂ ‘ಇದನ್ನು ಕೊಳ್ಳಿ’ ಎಂಬ ಸೂಚನೆ ಕಳುಹಿಸಿದರೆ ಅದು ಶಿಕ್ಷಣವಾಗಿ ಉಳಿಯುವುದಿಲ್ಲ, ನೋಂದಣಿಯಿಲ್ಲದ ಸಲಹೆಯಾಗುತ್ತದೆ. 2025ರ ಜನವರಿಯ ಇನ್ನೊಂದು ಸುತ್ತೋಲೆಯಲ್ಲಿ ಸೆಬಿಯು ಈ ಗೆರೆಯನ್ನು ಸ್ಪಷ್ಟಪಡಿಸಿತು. ಶಿಕ್ಷಣದಲ್ಲಷ್ಟೇ ತೊಡಗಿರುವವರು ಷೇರುಗಳನ್ನು ಹೆಸರಿಸಿ ಮಾತನಾಡುವಾಗ ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಬಾರದು ಎಂಬುದು ಅದರ ತಿರುಳು. ಈ ಅವಧಿ ಮುಂದೆ ಹೆಚ್ಚುಕಡಿಮೆಯಾದರೂ ತತ್ವ ಬದಲಾಗದು: ಹಳೆಯ ಉದಾಹರಣೆಯಿಂದ ಪಾಠ ಹೇಳಬಹುದು, ಇಂದಿನ ಬೆಲೆಯನ್ನು ತೋರಿಸಿ ನಾಳೆಯ ದಾರಿ ಹೇಳುವುದು ಸಲಹೆ. ‘ಲೈವ್ ಮಾರುಕಟ್ಟೆಯಲ್ಲಿ ನಮ್ಮೊಂದಿಗೆ ವ್ಯಾಪಾರ ಮಾಡಿ’ ಎಂದು ಆಹ್ವಾನಿಸುವ ತರಗತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

2. ವ್ಯಾಪಾರದ ಫಲಿತಾಂಶ: ಅಂಕಿಅಂಶಗಳು

ಕಲಿಸುವವರ ಯೋಗ್ಯತೆಯನ್ನು ಅಳೆಯುವ ಮೊದಲು, ಕಲಿಯಬೇಕಾದ ವಿದ್ಯೆಯಲ್ಲಿ ಸಾಮಾನ್ಯರ ಫಲಿತಾಂಶವೇನು ಎಂಬುದು ತಿಳಿದಿರಬೇಕು. 2024ರ ಸೆಪ್ಟೆಂಬರ್‌ನಲ್ಲಿ ಸೆಬಿಯು ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರ ಮಾಡಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು. ವಹಿವಾಟಿನ ವೆಚ್ಚವೂ ಸೇರಿ ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳಿಗೂ ಅಧಿಕ. ವೆಚ್ಚವೆಲ್ಲ ಕಳೆದು 1 ಲಕ್ಷ ರೂಪಾಯಿಗಿಂತ ಹೆಚ್ಚು ಲಾಭ ಗಳಿಸಿದವರು ಶೇ. 1ರಷ್ಟು ಮಂದಿ ಮಾತ್ರ. 2025ರ ಜುಲೈಯಲ್ಲಿ ಹೊರಬಂದ ಮುಂದಿನ ವರದಿಯಂತೆ 2024-25ರಲ್ಲಿಯೂ ಶೇ. 91ರಷ್ಟು ಮಂದಿಗೆ ನಷ್ಟವೇ ಆಯಿತು. ಇಂಟ್ರಾಡೇ ವ್ಯಾಪಾರದಲ್ಲಿ 2022-23ರ ಸಾಲಿನಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟ ಹೊಂದಿದ್ದರು.

ಹೊರದೇಶಗಳ ಅನುಭವವೂ ಭಿನ್ನವಲ್ಲ. ಬ್ರೆಜಿಲ್‌ನಲ್ಲಿ ಫ್ಯೂಚರ್ಸ್ ವ್ಯಾಪಾರವನ್ನು 300 ದಿನಗಳಿಗೂ ಹೆಚ್ಚು ಕಾಲ ಮುಂದುವರಿಸಿದವರನ್ನು ಕುರಿತ ಸಂಶೋಧನೆಯಲ್ಲಿ ಶೇ. 97 ಮಂದಿ ನಷ್ಟದಲ್ಲಿದ್ದರು. ಇವರು ಒಂದೆರಡು ದಿನ ಆಡಿ ಬಿಟ್ಟವರಲ್ಲ, ಅಭ್ಯಾಸ ಮಾಡಿದವರು ಎಂಬುದನ್ನು ಗಮನಿಸಬೇಕು. ಕೇವಲ ಅಭ್ಯಾಸಬಲದಿಂದ ಈ ವಿದ್ಯೆ ಕೈಗೂಡುವುದಿಲ್ಲ.

ಇದಕ್ಕೆ ಕಾರಣವಿದೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಒಬ್ಬರ ಲಾಭ ಮತ್ತೊಬ್ಬರ ನಷ್ಟ. ಅದರಿಂದ ದಲ್ಲಾಳಿ ಶುಲ್ಕ, ತೆರಿಗೆಗಳೂ ಕಳೆಯುತ್ತವೆ. ಎದುರು ಕುಳಿತವರು ಯಾರು? ಮೇಲೆ ಹೇಳಿದ 2024ರ ಅಧ್ಯಯನವೇ ಉತ್ತರಿಸುತ್ತದೆ. 2023-24ರಲ್ಲಿ ಸ್ವಂತ ಹಣದಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳು ಸುಮಾರು 33,000 ಕೋಟಿ ರೂಪಾಯಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು 28,000 ಕೋಟಿ ರೂಪಾಯಿ ಲಾಭ ಗಳಿಸಿದವು (ವೆಚ್ಚ ಕಳೆಯುವ ಮುನ್ನ). ಆ ಲಾಭದ ಬಹುಪಾಲು ಬಂದದ್ದು ಗಣಕಯಂತ್ರಗಳು ತಾವಾಗಿಯೇ ನಡೆಸುವ ಆಲ್ಗೋ ವಹಿವಾಟಿನಿಂದ. ಎರಡು ದಿನದ ಶಿಬಿರದಲ್ಲಿ ಕಲಿತ ನಕ್ಷೆಯ ಗೆರೆಗಳನ್ನು ಹಿಡಿದು ಮೊಬೈಲಿನ ಮುಂದೆ ಕುಳಿತವರ ಸ್ಪರ್ಧೆ ಇಂಥವರೊಡನೆ.

ಹೀಗಾಗಿ ಮಾರ್ಗದರ್ಶಕರು ತಮ್ಮ ಶಿಷ್ಯರನ್ನು ‘ಸ್ವಲ್ಪ ಸುಧಾರಿಸಿದರೆ’ ಸಾಲದು. ನೂರರಲ್ಲಿ ತೊಂಬತ್ತು ಮಂದಿಯ ಸಾಲಿನಿಂದ ಎತ್ತಿ ಉಳಿದ ಕೆಲವರ ಸಾಲಿನಲ್ಲಿ ಕೂರಿಸಬೇಕು. ಶುಲ್ಕವನ್ನು ತೂಗಬೇಕಾದುದು ಈ ಅಳತೆಯಲ್ಲಿ.

3. ಶುಲ್ಕ ಮತ್ತು ಬಂಡವಾಳದ ಪ್ರಮಾಣ

ಒಂದು ಲೆಕ್ಕವನ್ನು ನೋಡೋಣ. ಶುಲ್ಕ 75,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದಕ್ಕೆ ಶೇ. 18ರ ಜಿಎಸ್‌ಟಿ 13,500 ರೂಪಾಯಿ ಸೇರಿದರೆ 88,500 ರೂಪಾಯಿ. ವ್ಯಾಪಾರಕ್ಕಿಟ್ಟ ಬಂಡವಾಳ 2 ಲಕ್ಷ ರೂಪಾಯಿ. ಒಂದು ವರ್ಷದಲ್ಲಿ ಶುಲ್ಕವಷ್ಟೇ ಮರಳಿ ಬರಲು ಬಂಡವಾಳದ ಮೇಲೆ ಶೇ. 44ಕ್ಕೂ ಹೆಚ್ಚು ಲಾಭ ಬರಬೇಕು. ಅದೇ 2 ಲಕ್ಷವನ್ನು ಶೇ. 7ರ ಠೇವಣಿಯಲ್ಲಿ ಇಟ್ಟಿದ್ದರೆ 14,000 ರೂಪಾಯಿ ಬಡ್ಡಿ ಬರುತ್ತಿತ್ತು. ಅದನ್ನೂ ಸೇರಿಸಿದರೆ ಶೇ. 51ರಷ್ಟು ಗಳಿಸಿದಾಗ ಮಾತ್ರ ಆ ಕುಟುಂಬ ಸುಮ್ಮನಿದ್ದವರ ಸಮಕ್ಕೆ ಬಂದಂತಾಯಿತು. ದಲ್ಲಾಳಿ ಶುಲ್ಕ ಹಾಗೂ ತೆರಿಗೆಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಬಂಡವಾಳ 20 ಲಕ್ಷವಾಗಿದ್ದರೆ ಅದೇ ಶುಲ್ಕ ಶೇ. 4.4 ಮಾತ್ರ. ಹಾಗೆಂದು ಶುಲ್ಕವನ್ನು ಹಗುರಾಗಿಸಲೆಂದೇ ಬಂಡವಾಳವನ್ನು ಹಿಗ್ಗಿಸುವುದು ಅಪಾಯಕರ. ಮಾರ್ಗದರ್ಶನವನ್ನು ಕೊಂಡ ಮೇಲೆ ‘ಕೊಟ್ಟ ಹಣ ವಸೂಲಾಗಲಿ’ ಎಂಬ ಅವಸರದಿಂದ ಸಾಲ ತಂದು ವ್ಯಾಪಾರ ಹೆಚ್ಚಿಸುವವರೇ ಬೇಗ ಮುಳುಗುತ್ತಾರೆ. ಬಂಡವಾಳದ ಅರ್ಧ ಕಳೆದರೆ ಮೊದಲಿನ ಸ್ಥಿತಿಗೆ ಬರಲು ಉಳಿದದ್ದು ಇಮ್ಮಡಿಯಾಗಬೇಕು. 2024ರ ನವೆಂಬರ್‌ನಿಂದ ಸೂಚ್ಯಂಕದ ಹೊಸ ಕರಾರುಗಳ ಕನಿಷ್ಠ ಮೌಲ್ಯವನ್ನು 5 ಲಕ್ಷದಿಂದ 15 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಸಣ್ಣ ಬಂಡವಾಳದವರು ಒಂದು ಲಾಟ್ ಹಿಡಿದರೂ ತಮ್ಮ ಶಕ್ತಿಗೆ ಮೀರಿದ ಭಾರವನ್ನು ಹೊತ್ತಂತೆ ಎಂಬುದನ್ನು ಇದರಿಂದ ಅರಿಯಬಹುದು.

ನಮ್ಮ ಅಭಿಪ್ರಾಯದಲ್ಲಿ, ಕಳೆದುಕೊಂಡರೂ ಸಂಸಾರಕ್ಕೆ ತೊಂದರೆಯಾಗದಷ್ಟು ಹಣವನ್ನು ಮಾತ್ರ ವ್ಯಾಪಾರದ ಬಂಡವಾಳವೆಂದು ಲೆಕ್ಕ ಹಿಡಿಯಬೇಕು. ಕಲಿಕೆಯ ವರ್ಷದ ವೆಚ್ಚವು ಅದರ ಶೇ. 2ನ್ನು ಮೀರಬಾರದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ನಮ್ಮ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

4. ಹೊಗಳಿಕೆ ಮತ್ತು ಲಾಭದ ಚಿತ್ರಗಳನ್ನು ಓದುವ ಬಗೆ

‘ನಮ್ಮ ಶಿಷ್ಯರು ಸತತ ಆರು ತಿಂಗಳು ಲಾಭ ಗಳಿಸಿದ್ದಾರೆ’ ಎಂಬ ಪ್ರಚಾರ ಸಾಮಾನ್ಯ. ಅದು ಸುಳ್ಳಾಗಿರಬೇಕಿಲ್ಲ, ಆದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಒಂದು ಸಾವಿರ ಶಿಷ್ಯರು ಪ್ರತಿ ತಿಂಗಳೂ ನಾಣ್ಯ ಚಿಮ್ಮಿ ವ್ಯಾಪಾರ ಮಾಡಿದರೆಂದು ಭಾವಿಸಿರಿ. ಮೊದಲ ತಿಂಗಳ ಕೊನೆಗೆ ಸುಮಾರು 500, ಎರಡನೆಯ ತಿಂಗಳಿಗೆ 250, ಹೀಗೆ ಅರ್ಧರ್ಧವಾಗಿ ಇಳಿದು ಆರನೆಯ ತಿಂಗಳಿಗೆ ಸುಮಾರು 15 ಮಂದಿ ಒಮ್ಮೆಯೂ ಸೋಲದೆ ಉಳಿಯುತ್ತಾರೆ. ಯಾವ ವಿದ್ಯೆಯೂ ಇಲ್ಲದೆ, ಕೇವಲ ಅದೃಷ್ಟದಿಂದ ಹದಿನೈದು ಯಶೋಗಾಥೆಗಳು ಸಿದ್ಧವಾದವು! ವೇದಿಕೆಗೆ ಬಂದು ಮಾತನಾಡುವವರು ಈ ಹದಿನೈದು ಮಂದಿ. ಉಳಿದವರು ನಾಚಿಕೆಯಿಂದ ಮೌನವಾಗಿರುತ್ತಾರೆ. ಆದ್ದರಿಂದ ‘ಎಷ್ಟು ಮಂದಿ ಗೆದ್ದರು’ ಎಂಬುದಕ್ಕಿಂತ ‘ಸೇರಿದವರು ಒಟ್ಟು ಎಷ್ಟು ಮಂದಿ, ಅವರಲ್ಲಿ ಇಂದಿಗೂ ಲಾಭದಲ್ಲಿರುವವರು ಎಷ್ಟು’ ಎಂಬ ಪ್ರಶ್ನೆಯೇ ಮುಖ್ಯ.

ಮೊಬೈಲಿನ ಲಾಭದ ಚಿತ್ರಗಳ ವಿಷಯವೂ ಹೀಗೆಯೇ. ಒಂದು ಖಾತೆಯ ಲಾಭವನ್ನು ತೋರಿಸಿ ಇನ್ನೊಂದರ ನಷ್ಟವನ್ನು ಮರೆಮಾಡಬಹುದು, ಗೆದ್ದ ದಿನವನ್ನಷ್ಟೇ ಆರಿಸಬಹುದು. ‘ಬಾಪ್ ಆಫ್ ಚಾರ್ಟ್’ ಎಂಬ ಹೆಸರಿನಲ್ಲಿ ಪಾಠಗಳನ್ನು ಮಾರುತ್ತಿದ್ದವರ ವಿರುದ್ಧ ಸೆಬಿಯು 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಧ್ಯಂತರ ಆದೇಶ ಈ ದೃಷ್ಟಿಯಿಂದ ಓದತಕ್ಕದ್ದು. ಲಾಭದ ವ್ಯಾಪಾರಗಳನ್ನು ಪ್ರದರ್ಶಿಸಿ ಜನರನ್ನು ಸೆಳೆಯುತ್ತಿದ್ದ ಅವರು, 2021ರ ಜನವರಿಯಿಂದ 2023ರ ಜುಲೈವರೆಗೆ ತಮ್ಮ ಸ್ವಂತ ವ್ಯಾಪಾರದಲ್ಲಿ 2.89 ಕೋಟಿ ರೂಪಾಯಿ ನಷ್ಟ ಹೊಂದಿದ್ದರೆಂದು ಆ ಆದೇಶ ದಾಖಲಿಸಿತು; ಸುಮಾರು 17.2 ಕೋಟಿ ರೂಪಾಯಿಗಳನ್ನು ತಡೆಹಿಡಿಯಲು ಸೂಚಿಸಿತು. 2025ರ ಡಿಸೆಂಬರ್‌ನಲ್ಲಿ ಅವಧೂತ್ ಸಾಠೆ ಟ್ರೇಡಿಂಗ್ ಅಕಾಡೆಮಿಯ ವಿರುದ್ಧ ಹೊರಬಿದ್ದ ಮಧ್ಯಂತರ ಆದೇಶದಲ್ಲಿ ಈ ಮೊತ್ತ 546 ಕೋಟಿ ರೂಪಾಯಿ. ಮಧ್ಯಂತರ ಆದೇಶ ಅಂತಿಮ ತೀರ್ಪಲ್ಲ. ಅದನ್ನು ಪ್ರಶ್ನಿಸುವ ಹಕ್ಕು ಸಂಬಂಧಿಸಿದವರಿಗಿದೆ. ಆದರೆ ಪಾಠ ಹೇಳುವುದರಿಂದ ಎಷ್ಟು ದೊಡ್ಡ ಮೊತ್ತ ಸಂಗ್ರಹವಾಗಬಲ್ಲದು ಎಂಬುದನ್ನು ಈ ಅಂಕಿಗಳು ಸೂಚಿಸುತ್ತವೆ. ಮಾರ್ಗದರ್ಶಕರ ಆದಾಯ ಮಾರುಕಟ್ಟೆಯಿಂದ ಬರುತ್ತಿದೆಯೋ ಶಿಷ್ಯರಿಂದ ಬರುತ್ತಿದೆಯೋ ಎಂಬುದನ್ನು ಕೇಳಿಯೇ ತಿಳಿಯಬೇಕು.

5. ಶುಲ್ಕಕ್ಕೆ ಪ್ರತಿಯಾಗಿ ದೊರೆಯುವುದೇನು?

ಮಾರ್ಗದರ್ಶನವೆಂಬ ಕಟ್ಟನ್ನು ಬಿಚ್ಚಿದರೆ ಒಳಗೆ ಮೂರು ವಸ್ತುಗಳಿರುತ್ತವೆ. ಪ್ರತಿಯೊಂದರ ಬೆಲೆಯನ್ನೂ ಬೇರೆಬೇರೆಯಾಗಿ ಕಟ್ಟಬೇಕು.

ಮೊದಲನೆಯದು ವಿಷಯಜ್ಞಾನ. ಆಪ್ಷನ್ ಎಂದರೇನು, ಮಾರ್ಜಿನ್ ಹೇಗೆ ನಿರ್ಧಾರವಾಗುತ್ತದೆ, ಸ್ಟಾಪ್‌ಲಾಸ್ ಎಲ್ಲಿಡಬೇಕು ಇತ್ಯಾದಿ. ಇದು ಉಚಿತವಾಗಿಯೇ ದೊರೆಯುತ್ತದೆ. ಸೆಬಿಯು 2006ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಪ್ರತಿಭೂತಿ ಮಾರುಕಟ್ಟೆ ಸಂಸ್ಥೆಯ ಮೂಲಕ ಹೂಡಿಕೆದಾರರಿಗಾಗಿ ಒಂದು ಉಚಿತ ಪ್ರಮಾಣಪತ್ರ ಪರೀಕ್ಷೆಯೂ ನಡೆಯುತ್ತದೆ. ಬೆಂಗಳೂರಿನ ಜೆರೋಧಾ ಸಂಸ್ಥೆಯ ‘ವಾರ್ಸಿಟಿ’ ಪಾಠಮಾಲೆಯೂ ಉಚಿತ. ಹಿತ್ತಲ ಗಿಡ ಮದ್ದಲ್ಲ ಎಂದು ಇವನ್ನು ಕಡೆಗಣಿಸಿ, ಅದೇ ವಿಷಯಕ್ಕೆ ಲಕ್ಷ ತೆರುವುದರಲ್ಲಿ ಅರ್ಥವಿಲ್ಲ.

ಎರಡನೆಯದು ‘ಟಿಪ್ಸ್’, ಅಂದರೆ ಕೊಳ್ಳುವ ಮಾರುವ ಸೂಚನೆಗಳು. ನೋಂದಣಿ ಇಲ್ಲದವರಿಂದ ಇವನ್ನು ಪಡೆಯಲೇಬಾರದು. ನೋಂದಾಯಿತರಿಂದ ಪಡೆದರೂ ಅವರ ಹಿಂದಿನ ಫಲಿತಾಂಶವನ್ನು ಪರಿಶೀಲಿಸಿಯೇ ನಂಬಬೇಕು. ನೋಂದಾಯಿತರ ಗತಕಾಲದ ಲಾಭಾಂಶದ ದಾವೆಗಳನ್ನು ಪರಿಶೀಲಿಸುವ ಏಜೆನ್ಸಿಯ ವ್ಯವಸ್ಥೆಯನ್ನು ಸೆಬಿಯು 2025ರಲ್ಲಿ ರೂಪಿಸಿದೆ.

ಮೂರನೆಯದು ಮೇಲ್ವಿಚಾರಣೆ. ಶಿಷ್ಯರ ವ್ಯಾಪಾರದ ದಿನಚರಿಯನ್ನು ತೆರೆದಿಟ್ಟು, ಎಲ್ಲಿ ಆತುರಪಟ್ಟರು, ಎಲ್ಲಿ ನಷ್ಟವನ್ನು ಒಪ್ಪಿಕೊಳ್ಳದೆ ಬೆಳೆಸಿದರು ಎಂಬುದನ್ನು ಎತ್ತಿ ತೋರಿಸುವುದು. ಇದು ಪುಸ್ತಕದಲ್ಲಿ ದೊರೆಯದು; ಹಣ ಕೊಟ್ಟು ಪಡೆಯಲು ಅರ್ಹವಾದುದು ಇದೊಂದೇ. ಆದರೆ ನೂರಾರು ಮಂದಿ ಕುಳಿತ ಸಭಾಂಗಣದಲ್ಲಿ, ಸಾವಿರಾರು ಮಂದಿಯ ಗುಂಪಿನಲ್ಲಿ ಇದು ಸಾಧ್ಯವಿಲ್ಲ. ಕನಿಷ್ಠ ಒಂದು ವರ್ಷ ಅತಿ ಸಣ್ಣ ಮೊತ್ತದಲ್ಲಿ ತಾವೇ ವ್ಯಾಪಾರ ಮಾಡಿ, ದಾಖಲೆ ಇಟ್ಟವರಿಗೆ ಮಾತ್ರ ಇದರ ಪ್ರಯೋಜನ. ದಾಖಲೆಯೇ ಇಲ್ಲದವರಲ್ಲಿ ತಿದ್ದುವುದೇನನ್ನು?

6. ಶುಲ್ಕ ತೆರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

(ಅ) ತಮ್ಮ ಸೆಬಿ ನೋಂದಣಿ ಸಂಖ್ಯೆ ಏನು? ಇಲ್ಲವಾದರೆ ತಾವು ಷೇರುಗಳ ಹೆಸರು ಹೇಳುವುದಿಲ್ಲವೆಂದು ಬರೆದು ಕೊಡುವಿರಾ?

(ಆ) ಕನಿಷ್ಠ ಮೂರು ವರ್ಷಗಳ, ತಮ್ಮ ಎಲ್ಲ ಖಾತೆಗಳ ಲಾಭನಷ್ಟದ ವಿವರವನ್ನು ಆದಾಯ ತೆರಿಗೆ ವಿವರಪಟ್ಟಿಯೊಂದಿಗೆ ತೋರಿಸುವಿರಾ?

(ಇ) ಕಳೆದ ವರ್ಷ ಸೇರಿದ ಒಟ್ಟು ಶಿಷ್ಯರೆಷ್ಟು? ಬಿಟ್ಟುಹೋದವರಲ್ಲಿ ಇಬ್ಬರು ಮೂವರೊಡನೆ ಮಾತನಾಡಲು ಅವಕಾಶವಿದೆಯೇ?

(ಈ) ಶುಲ್ಕವನ್ನು ತಿಂಗಳು ತಿಂಗಳಾಗಿ ಕೊಡಬಹುದೇ? ನಡುವೆ ಬಿಟ್ಟರೆ ಮರುಪಾವತಿಯ ನಿಯಮವೇನು? ಜಿಎಸ್‌ಟಿ ಸಹಿತ ರಶೀದಿ ಕೊಡುವಿರಾ?

(ಉ) ನಿರ್ದಿಷ್ಟ ಬ್ರೋಕರ್ ಬಳಿಯೇ ಖಾತೆ ತೆರೆಯಬೇಕೆಂಬ ನಿಬಂಧನೆ ಇದೆಯೇ? ನಮ್ಮ ವಹಿವಾಟಿನಿಂದ ತಮಗೆ ಕಮಿಷನ್ ಬರುವುದೇ?

ಕೊನೆಯ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಶಿಷ್ಯರು ಹೆಚ್ಚು ವ್ಯಾಪಾರ ಮಾಡಿದಷ್ಟೂ ಕಮಿಷನ್ ಬೆಳೆಯುವುದಾದರೆ, ‘ಇಂದು ವ್ಯಾಪಾರ ಬೇಡ’ ಎಂಬ ಒಳ್ಳೆಯ ಬುದ್ಧಿಮಾತು ಅವರ ಬಾಯಿಂದ ಬರುವುದು ಕಷ್ಟ.

ಪ್ರಶ್ನಿಸದೆಯೇ ಹಿಂದೆ ಸರಿಯಬೇಕಾದ ಸಂದರ್ಭಗಳೂ ಇವೆ. ತಿಂಗಳಿಗೆ ಇಂತಿಷ್ಟು ಲಾಭ ಖಚಿತವೆಂಬ ಭರವಸೆ. ಇಂದೇ ಕಟ್ಟಿದರೆ ರಿಯಾಯಿತಿ ಎಂಬ ಒತ್ತಡ. ಖಾತೆಯ ಗುಪ್ತಪದ ಅಥವಾ ಓಟಿಪಿ ಕೊಡಿ, ನಾವೇ ವ್ಯಾಪಾರ ಮಾಡಿ ಲಾಭ ಹಂಚಿಕೊಳ್ಳುತ್ತೇವೆ ಎಂಬ ಆಮಿಷ. ಪರರ ಹಣವನ್ನು ನಿರ್ವಹಿಸಲು ಪೋರ್ಟ್‌ಫೋಲಿಯೋ ವ್ಯವಸ್ಥಾಪಕರೆಂಬ ಪ್ರತ್ಯೇಕ ನೋಂದಣಿ ಬೇಕು. ಅಲ್ಲಿ ಕನಿಷ್ಠ ಹೂಡಿಕೆಯನ್ನು 50 ಲಕ್ಷ ರೂಪಾಯಿಗಳೆಂದು ಗೊತ್ತುಪಡಿಸಲಾಗಿದೆ. ವಾಟ್ಸ್‌ಆ್ಯಪ್ ಮೂಲಕ ಬಂದ ಯಾವುದೋ ಹೊಸ ಆ್ಯಪ್‌ನಲ್ಲಿ ಹಣ ತುಂಬಿರೆಂದರೆ ಅದು ಶುದ್ಧ ವಂಚನೆಯೆಂದೇ ತಿಳಿಯಬೇಕು.

7. ‘ನಮ್ಮವರು’ ಎಂಬ ವಿಶ್ವಾಸ

ಹೊರನಾಡ ಕನ್ನಡಿಗರಾದ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಪರಊರಿನಲ್ಲಿ ನಮ್ಮ ಭಾಷೆಯನ್ನಾಡುವವರು, ನಮ್ಮ ಜಿಲ್ಲೆಯವರು ಎಂದೊಡನೆ ನಮಗೆ ಆತ್ಮೀಯತೆ ಮೂಡುತ್ತದೆ. ಸಂಘ ಸಂಸ್ಥೆಗಳು ಬೆಳೆದುದೇ ಈ ಆತ್ಮೀಯತೆಯಿಂದ. ಆದರೆ ಪರಿಚಯ ಬೇರೆ, ಅರ್ಹತೆ ಬೇರೆ. ಪರಿಚಿತರೊಬ್ಬರು ಶಿಬಿರವನ್ನು ಶಿಫಾರಸು ಮಾಡಿದಾಗ, ಸೇರಿಸಿದ್ದಕ್ಕೆ ಅವರಿಗೇನಾದರೂ ದೊರೆಯುವುದೇ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಗುರುವನ್ನು ಪ್ರಶ್ನಿಸಬಾರದೆಂಬ ಸಂಸ್ಕಾರವೂ ನಮ್ಮಲ್ಲಿದೆ. ಸಂಗೀತ, ಯಕ್ಷಗಾನಗಳನ್ನು ಕಲಿಸುವ ಗುರುಗಳಿಗೆ ಸಲ್ಲುವ ಆ ಗೌರವವನ್ನು, ದರಪಟ್ಟಿ ಹಿಡಿದು ಸೇವೆ ಮಾರುವವರಿಗೆ ಹಾಗೆಯೇ ವರ್ಗಾಯಿಸಬೇಕಿಲ್ಲ. ಇಲ್ಲಿ ನಾವು ಗ್ರಾಹಕರು. ಲೆಕ್ಕ ಕೇಳುವುದು ನಮ್ಮ ಹಕ್ಕು. ಸಂಘಗಳ ಪದಾಧಿಕಾರಿಗಳೂ ಇಂಥ ಕಾರ್ಯಾಗಾರಕ್ಕೆ ಸಭಾಂಗಣ ಕೊಡುವ ಮುನ್ನ ನೋಂದಣಿ ಸಂಖ್ಯೆಯನ್ನು ಪಡೆದು ಪರಿಶೀಲಿಸುವುದು ಉಚಿತ. ಸಂಘದ ಹೆಸರಿನ ಮೇಲಿನ ನಂಬಿಕೆಯಿಂದಲೇ ಸದಸ್ಯರು ಬಂದು ಕೂರುತ್ತಾರೆ.

8. ಹಣ ಕೈತಪ್ಪಿದಾಗ

ನೋಂದಾಯಿತ ಸಲಹೆಗಾರರು, ವಿಶ್ಲೇಷಕರು ಅಥವಾ ಬ್ರೋಕರ್‌ಗಳ ವಿರುದ್ಧ ಸೆಬಿಯ ‘ಸ್ಕೋರ್ಸ್’ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ನೋಂದಣಿಯಿಲ್ಲದವರ ವಿರುದ್ಧ ಈ ದಾರಿಯಿಂದ ಶುಲ್ಕ ಮರಳಿ ಪಡೆಯುವುದು ಸುಲಭವಲ್ಲ. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಹಾಗೂ ಗ್ರಾಹಕ ವೇದಿಕೆಗಳನ್ನು ಆಶ್ರಯಿಸಬೇಕಾಗುತ್ತದೆ. ನಕಲಿ ಆ್ಯಪ್ ಅಥವಾ ಆನ್‌ಲೈನ್ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ವಂಚಕರ ಖಾತೆಯಿಂದ ಮುಂದಕ್ಕೆ ಸಾಗುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ರಶೀದಿ, ಪಾವತಿಯ ವಿವರ, ಸಂದೇಶಗಳನ್ನು ಅಳಿಸದೆ ಕಾದಿರಿಸಬೇಕು. ಮನೆಯವರಿಂದ ಮುಚ್ಚಿಡುವುದಂತೂ ಸಲ್ಲದು. ಮುಚ್ಚಿಟ್ಟ ನಷ್ಟವನ್ನು ತುಂಬಲು ಮಾಡಿದ ಎರಡನೆಯ ವ್ಯಾಪಾರವೇ ಅನೇಕ ಸಂಸಾರಗಳನ್ನು ಸಂಕಷ್ಟಕ್ಕೆ ದೂಡುತ್ತದೆ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ನಮ್ಮ ನಿಲುವು ಇಷ್ಟು. ಹೊಸಬರಿಗೆ ದುಬಾರಿ ಶುಲ್ಕದ ಮಾರ್ಗದರ್ಶನ ಯೋಗ್ಯವಲ್ಲ. ಉಚಿತ ಪಾಠಗಳೂ ಸಣ್ಣ ಮೊತ್ತದ ಸ್ವಂತ ಅನುಭವವೂ ಅವರಿಗೆ ಸಾಕು. ಒಂದು ವರ್ಷದ ದಾಖಲೆ, ಸಾಕಷ್ಟು ಬಂಡವಾಳ, ಸ್ಥಿರ ಆದಾಯ ಇರುವವರಿಗೆ, ತಮ್ಮ ಲೆಕ್ಕವನ್ನು ತೆರೆದು ತೋರಿಸುವ, ಕೆಲವೇ ಶಿಷ್ಯರನ್ನು ಇಟ್ಟುಕೊಂಡ ಮೇಲ್ವಿಚಾರಕರು ದೊರೆತರೆ, ಮಿತವಾದ ಶುಲ್ಕ ಸಮರ್ಥನೀಯ. ಅಂಥವರು ವಿರಳ. ದೊರೆಯದಿದ್ದರೆ ಕಾಯುವುದರಿಂದ ನಷ್ಟವೇನೂ ಇಲ್ಲ. ಮಾರುಕಟ್ಟೆ ನಾಳೆಯೂ ಬೆಳಗ್ಗೆ ಒಂಬತ್ತೂಕಾಲಕ್ಕೆ ತೆರೆಯುತ್ತದೆ.